ನಾಲ್ಕನೇ ಸಾಲಿನ ಹದಿನಾರು ಅಕ್ಷರಗಳನ್ನು ಹಿಂದಿರುಗಿಸುವ ಬಗ್ಗೆ

ಗುಬ್ಬಿ
12 ಆಗಸ್ಟ್ 2001

ಇವರಿಗೆ,
ಶ್ರೀಯುತ ಗೆಟ್‌ಟೆಕ್ಸ್ಟ್ ಮತ್ತು ಅವರ ಸಹೋದರರಾದ ಶ್ರೀಯುತ ಪುಟ್‌ಟೆಕ್ಸ್ಟ್
ಸಿ ಎಂಬ ಕಂಪ್ಯೂಟರ್ ಭಾಷೆಯ ಖಾಯಂ ನಿವಾಸಿಗಳು

ಮಾನ್ಯರೇ,

ತಾವಿಬ್ಬರೂ ತಮ್ಮ ಫ್ಲಾಪಿಯಲ್ಲಿ ಬೂಷ್ಟು ಹಿಡಿಯದೆ, ಧೂಳು ಕೂರದೆ, ಯಾರ ಷರ್ಟಿನ ಜೇಬಿನಲ್ಲೂ ಬಾಗದೆ ಸುಖವಾಗಿದ್ದೀರೆಂದು ನಂಬಿಕೊಂಡು, ಗುಬ್ಬಿಯ ಒಬ್ಬ ಮಾಜಿ ಅಚ್ಚುಮೊಳೆ ಜೋಡಿಸುವವನು ಮಾಡುವ ನಮಸ್ಕಾರಗಳು. ಅಣ್ಣನವರಿಗೊಂದು, ತಮ್ಮನವರಿಗೊಂದು, ಬೇರೆ ಬೇರೆಯಾಗಿ ಎಣಿಸಿಕೊಳ್ಳಬೇಕು. ತಮ್ಮ ಪರಿಚಯ ಇಲ್ಲದವರೂ ಈ ಬಹಿರಂಗ ಪತ್ರವನ್ನು ಓದಬಹುದಾದ್ದರಿಂದ ಆ ಭಾಷೆಯ ಎರಡು ಆಜ್ಞೆಗಳಾದ ತಮ್ಮ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಕಂಪ್ಯೂಟರಿನ ತೆರೆಯ ಮೇಲಿರುವ ಬರಹದಲ್ಲಿ ಒಂದು ಚೌಕವನ್ನು ನಕಲು ಮಾಡಿ ಯಂತ್ರದ ನೆನಪಿನೊಳಗೆ ಇಡುವುದು ಅಣ್ಣನವರ ಕೆಲಸ. ನೆನಪಿನಲ್ಲಿಟ್ಟಿದ್ದನ್ನು ತೆರೆಗೆ ವಾಪಸು ಹಾಕುವುದು ತಮ್ಮನವರ ಕೆಲಸ. ಇಷ್ಟು ಚೊಕ್ಕವಾದ ಉದ್ಯೋಗ ಲೋಕದಲ್ಲಿ ಇನ್ನಾರಿಗೂ ಸಿಕ್ಕಿಲ್ಲವೆಂದು ನನ್ನ ಭಾವನೆ.

ನನ್ನ ದೂರು ಇಷ್ಟು. 1998ರ ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ, ತುಮಕೂರಿನಲ್ಲಿ, ನನ್ನ ಸ್ನೇಹಿತ ಚಿಕ್ಕರಂಗಯ್ಯ ನನಗೆಂದೇ ಬರೆದ ಆರು ಸಾಲುಗಳನ್ನು ತಮ್ಮ ವಶಕ್ಕೆ ಒಪ್ಪಿಸಿದ್ದೆ. ಅವು ಹಿಂದಿರುಗಿದಾಗ ನಾಲ್ಕನೇ ಸಾಲಿನಲ್ಲಿ ಹದಿನಾರು ಅಕ್ಷರ ಇರಲಿಲ್ಲ. ಅವನು ನನ್ನ ಮೇಲಿನ ಸಿಟ್ಟನ್ನು ಬಿಟ್ಟಿದ್ದನೋ ಇಲ್ಲವೋ ಎಂಬುದು ಆ ಹದಿನಾರರಲ್ಲೇ ಇತ್ತು. ಅವನನ್ನೇ ಕೇಳೋಣವೆಂದರೆ ಅವನು ಮರುದಿನ ಬೆಳಗ್ಗೆ ತೀರಿಕೊಂಡ. ಆದ್ದರಿಂದ ತಮ್ಮನ್ನು ಕೇಳುತ್ತಿದ್ದೇನೆ. ತಡವಾಗಿದ್ದಕ್ಕೆ ಕ್ಷಮೆಯಿರಲಿ, ಮೂರು ವರ್ಷ ನಾನು ದಿನಚರಿಯನ್ನು ಬಿಟ್ಟು ಬೇರೇನನ್ನೂ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಗುಬ್ಬಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ನಾನು ಇಪ್ಪತ್ತೆರಡು ವರ್ಷ ಸೀಸದ ಮೊಳೆ ಜೋಡಿಸಿದವನು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಕೊಬ್ಬರಿ ಮಂಡಿಯ ಚೀಟಿ, ಎಲ್ಲವನ್ನೂ ತಲೆಕೆಳಗಾಗಿ ಮತ್ತು ಹಿಂದುಮುಂದಾಗಿ ಓದಿ ಓದಿ, ನೆಟ್ಟಗಿರುವ ಬರಹ ಕಂಡರೆ ಇವತ್ತಿಗೂ ಸ್ವಲ್ಪ ಅನುಮಾನ. ನಾನು ಜೋಡಿಸಿಕೊಟ್ಟ ಮೊಳೆಗೆ ಮಸಿ ಹಚ್ಚಿ, ಕಾಲಿನಿಂದ ಟ್ರೆಡಲ್ ತುಳಿದು ಅಚ್ಚು ಹಾಕುತ್ತಿದ್ದವನು ಚಿಕ್ಕರಂಗಯ್ಯ. ಅಕ್ಷರ ನನ್ನ ಇಲಾಖೆ, ಬಣ್ಣ ಅವನ ಇಲಾಖೆ. ಇಪ್ಪತ್ತೆರಡು ವರ್ಷ ನಾವು ಒಬ್ಬರ ಇಲಾಖೆಗೆ ಒಬ್ಬರು ಕೈ ಹಾಕಿದವರಲ್ಲ. ನನ್ನ ಮೊಳೆಗೆ ಬಣ್ಣವಿಲ್ಲ, ಅವನ ಮಸಿಗೆ ಅಕ್ಷರವಿಲ್ಲ, ಎರಡೂ ಸೇರುವುದು ಕಾಗದದ ಮೇಲೆ. ದಯವಿಟ್ಟು ಈ ಮಾತನ್ನು ನೆನಪಿನಲ್ಲಿಡಿ. ನೆನಪಿನಲ್ಲಿಡುವುದು ತಮ್ಮ ಕಸುಬೇ ಆದ್ದರಿಂದ ಕಷ್ಟವಾಗಲಾರದು.

ಆ ವರ್ಷ ಮಾಲೀಕರು ಟ್ರೆಡಲನ್ನು ತೂಕಕ್ಕೆ ಹಾಕುವ ಮಾತಾಡಿ, ಇಬ್ಬರೂ ಕಂಪ್ಯೂಟರ್ ಕಲಿತುಬನ್ನಿ ಎಂದರು. ತುಮಕೂರಿನ ಹೊರಪೇಟೆಯಲ್ಲಿ ಟೈರ್ ಅಂಗಡಿಯ ಮಹಡಿಯ ಮೇಲೆ ಏಕಾಂತಯ್ಯ ಎಂಬುವರ ತರಬೇತಿ ಕೇಂದ್ರಕ್ಕೆ ಹೋದೆವು. ನಾವು ಕಲಿಯಬೇಕಾಗಿದ್ದು ಪುಟ ಕಟ್ಟುವ ಡಿಟಿಪಿ. ಆ ಬ್ಯಾಚು ತುಂಬಿಹೋಗಿತ್ತು. ಗೋಡೆಯ ಮೇಲಿನ ಪಟ್ಟಿಯನ್ನು ಚಿಕ್ಕರಂಗಯ್ಯ ಮೇಲಿನಿಂದ ಕೆಳಗೆ ನೋಡಿ, "ಡಿಟಿಪಿ ಅಂದ್ರೆ ಮೂರಕ್ಷರ ಕಲೀಬೇಕು. ಇಲ್ಲ್ ನೋಡ್ಲಾ, ಸಿ ಅಂತ ಒಂದೇ ಅಕ್ಷರ ಐತೆ. ಸುಲಭ ಇರ್ಬೇಕು, ಇದ್ಕೇ ಸೇರ್ಕಳಣ" ಎಂದ. ಸೇರಿಕೊಂಡೆವು. ತಮ್ಮ ಮನೆತನಕ್ಕೂ ನಮಗೂ ನಂಟಾದ ಬಗೆ ಇದು, ಇದರಲ್ಲಿ ತಮ್ಮ ತಪ್ಪೇನೂ ಇಲ್ಲ.

ಆ ಕೇಂದ್ರದಲ್ಲಿ ಒಂದು ಯಂತ್ರಕ್ಕೆ ಇಬ್ಬರು ವಿದ್ಯಾರ್ಥಿಗಳು. ಹದಿನೈದು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತಿತ್ತು, ಆಗ ಕೀಬೋರ್ಡನ್ನು ಪಕ್ಕದವರ ಮುಂದೆ ಸರಿಸಬೇಕಿತ್ತು. ನಾವಿಬ್ಬರು ನಾಲ್ಕನೇ ನಂಬರಿನ ಯಂತ್ರದವರು. ಒಂದೇ ಬೆಂಚು, ಒಂದೇ ಬಸ್ಸು, ಅವನ ಡಬ್ಬಿಯಲ್ಲಿ ಎರಡು ಮುದ್ದೆ, ನನಗೊಂದು ಅವನಿಗೊಂದು. ಎಲ್ಲ ಸರಿಯಾಗಿತ್ತು. ಆ ಶನಿವಾರಕ್ಕೆ ಆರು ದಿನ ಮೊದಲು, ಭಾನುವಾರ, ಒಂದು ಮದುವೆಗೆ ಹೋಗಿಬರುವ ಬಸ್ಸಿನಲ್ಲಿ, ಮಾಲೀಕರು ಕೊನೆಗೆ ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳಬಹುದೆಂಬ ಮಾತು ಬಂತು. ನಾನು, ಯಾಕೆ ಹಾಗೆಂದೆನೋ, "ಓದಿ ಜೋಡ್ಸೋನು ನಾನು, ನೀನು ಬರೀ ಮಸಿ ಬಳಿಯೋನು ಕಣೋ" ಎಂದುಬಿಟ್ಟೆ. ಅವನು ಕಿಟಕಿಯ ಕಡೆ ತಿರುಗಿದ. ಮರುದಿನ ಡಬ್ಬಿಯಲ್ಲಿ ಒಂದೇ ಮುದ್ದೆ ಇತ್ತು.

ಹಾಗೆ ಆರು ದಿನ. ಮಾತಿಲ್ಲದ ಇಬ್ಬರು ಒಂದು ಕೀಬೋರ್ಡನ್ನು ಹದಿನೈದು ನಿಮಿಷಕ್ಕೊಮ್ಮೆ ಅತ್ತಿತ್ತ ಸರಿಸುತ್ತಾ ಕೂರುವುದನ್ನು ತಾವು ಒಳಗಿನಿಂದ ನೋಡಿರಬೇಕು. ಶನಿವಾರದ ಪಾಠ ತಮ್ಮದೇ ಆಗಿತ್ತು. ಕ್ಯಾತ್ಸಂದ್ರದಿಂದ ಬರುತ್ತಿದ್ದ ನಮ್ಮ ಉಪಾಧ್ಯಾಯಿನಿ ಯಶಸ್ವಿನಿಯವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೊಟ್ಟ ಲೆಕ್ಕ ಹೀಗಿತ್ತು. ತೆರೆಯ ಮೇಲೆ ಒಂದು ಚೌಕದಲ್ಲಿ ಏನಾದರೂ ಬರೆಯಿರಿ. ಗೆಟ್‌ಟೆಕ್ಸ್ಟ್ ಅವರನ್ನು ಕರೆದು ಅದನ್ನು ನೆನಪಿನಲ್ಲಿಡಿ. ಆಮೇಲೆ ಒಂದು ವಾಕ್ಯ ಬರೆದು, ಆ ವಾಕ್ಯವಿರುವ ಪೆಟ್ಟಿಗೆಯೊಂದನ್ನು ಅದರ ಮೇಲೆಯೇ ಮುಚ್ಚಿ. ಯಾವುದಾದರೂ ಕೀಲಿ ಒತ್ತಿದರೆ ಪುಟ್‌ಟೆಕ್ಸ್ಟ್ ಅವರು ಬಂದು, ಪೆಟ್ಟಿಗೆಯನ್ನು ತೆಗೆದು, ಕೆಳಗಿದ್ದುದನ್ನು ಇದ್ದಂತೆಯೇ ಹಾಕಬೇಕು. ಇದನ್ನು ಕೇಳಿ ನಾನು ಎಷ್ಟು ಖುಷಿಪಟ್ಟೆನೆಂದರೆ ದಿನಚರಿಯಲ್ಲಿ ಒಂದು ಪುಟ ಬರೆದಿದ್ದೇನೆ. ನಮ್ಮ ಕಸುಬಿನಲ್ಲಿ ಒಂದು ಕಡೆಯ ಮೊಳೆ ತೆಗೆದರೆ ಅಲ್ಲಿ ಖಾಲಿ. ತಾವು ತೆಗೆದುಕೊಂಡರೂ ಅಲ್ಲಿರುವುದು ಅಲ್ಲೇ ಇರುತ್ತದೆ, ಮುಚ್ಚಿದರೂ ಮತ್ತೆ ಬರುತ್ತದೆ. ಇಂಥ ಏರ್ಪಾಡು ಗುಬ್ಬಿಯಲ್ಲಿ ಬೇರೆ ಯಾವ ಕಚೇರಿಯಲ್ಲೂ ಇಲ್ಲ.

ಪ್ರೋಗ್ರಾಮನ್ನು ನಾನು ಬರೆದಿದ್ದೆ. ಚೌಕ ನಲವತ್ತು ಅಕ್ಷರ ಅಗಲ, ಆರು ಸಾಲು ಎತ್ತರ, ಒಟ್ಟು ಇನ್ನೂರನಲವತ್ತು ಅಕ್ಷರ. ಇನ್ನೂರನಲವತ್ತಕ್ಕೆ ಸರಿಯಾಗಿ ನೆನಪಿನಲ್ಲಿ ಜಾಗ ಕಟ್ಟಿದೆ. ಅದರ ಮಗ್ಗುಲಲ್ಲೇ ಪೆಟ್ಟಿಗೆಯ ವಾಕ್ಯಕ್ಕೆ ಇನ್ನೊಂದು ಜಾಗ. ಗೋಡೆಗೆ ಗೋಡೆ ಅಂಟಿದ ಎರಡು ಮನೆಗಳಿದ್ದ ಹಾಗೆ.

ಮೊದಲ ಸರದಿ ಚಿಕ್ಕರಂಗಯ್ಯನದು. ಚೌಕದೊಳಗೆ ಒಂದು ಬೆರಳಿನಿಂದ ಹುಡುಕಿ ಹುಡುಕಿ ಕುಟ್ಟಿದ. ತೆರೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ ಬರುತ್ತಿದ್ದುದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ನನಗೆ ಬರೆಯುತ್ತಿದ್ದಾನೆಂದು ಗೊತ್ತಾಯಿತು, ಏಕೆಂದರೆ ನಡುನಡುವೆ ಕೆಮ್ಮುತ್ತಿದ್ದ. ನಾನು ಓದಲಿಲ್ಲ. ಬೇಕೆಂದೇ ಕೆಳಗಡೆ ಟೈರ್ ಉರುಳಿಸುವುದನ್ನು ನೋಡುತ್ತಾ ಕೂತೆ. ಗಂಟೆ ಬಾರಿಸಿತು. ಕೀಬೋರ್ಡು ನನ್ನ ಕಡೆ ಬಂತು. ಅಣ್ಣನವರನ್ನು ಕರೆದು ಅವನ ಆರು ಸಾಲನ್ನು ಒಳಗಿಡಿಸಿ, ಪೆಟ್ಟಿಗೆಯ ವಾಕ್ಯವೆಂದು, ಅವನು ನೋಡುತ್ತಿರುವಂತೆಯೇ, "ನಿನ್ನ ಮಾತು ನನಗೆ ಬೇಕಾಗಿಲ್ಲ." ಎಂದು ಕುಟ್ಟಿ, ಅವನ ಬರಹದ ಮೇಲೆ ಮುಚ್ಚಿದೆ. ಚುಕ್ಕಿಯನ್ನೂ ಇಟ್ಟಿದ್ದೆ. ಚುಕ್ಕಿ ಬಿಡುವ ಅಭ್ಯಾಸ ನನಗಿಲ್ಲ.

ಅವನು ಎದ್ದು ಚಪ್ಪಲಿ ಹಾಕಿಕೊಂಡು ಹೋದ. ನಾನು ಯಂತ್ರವನ್ನು ಆರಿಸುವುದನ್ನೂ ಮರೆತು, ಅಭ್ಯಾಸಬಲದಿಂದ ಅದರ ಮೇಲೆ ಗುಲಾಬಿ ಬಟ್ಟೆಯ ಹೊದಿಕೆಯನ್ನು ಮಾತ್ರ ಹೊದಿಸಿ ಬೇರೆ ಬಸ್ಸಿಗೆ ಹೋದೆ. ಭಾನುವಾರ ಬೆಳಗ್ಗೆ ಅವನು ಹಲ್ಲುಜ್ಜಲು ಜಗಲಿಯ ಮೇಲೆ ಕೂತವನು ಏಳಲಿಲ್ಲ. ನಲವತ್ತೇಳು ವರ್ಷ. ಅವನ ಊರಾದ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದೆವು. ಬಲಗೈ ಹೆಬ್ಬೆರಳ ಉಗುರಿನಲ್ಲಿ ಮಸಿ ಹಾಗೇ ಇತ್ತು. ಆ ದಿನದ ದಿನಚರಿಯಲ್ಲಿ ಇಷ್ಟೇ ಇದೆ.

ಮಂಗಳವಾರ, ಎಲ್ಲಿಗಾದರೂ ಹೋಗಬೇಕೆಂದು ಕೇಂದ್ರಕ್ಕೆ ಹೋದೆ. ಸೋಮವಾರ ಅವನ ಸಾವಿಗೆಂದು ಕೇಂದ್ರ ಮುಚ್ಚಿತ್ತು, ಪುಣ್ಯಕ್ಕೆ ಆ ಮೂರು ದಿನ ಕರೆಂಟೂ ಹೋಗಿರಲಿಲ್ಲ. ನಾಲ್ಕನೇ ಯಂತ್ರದ ಗುಲಾಬಿ ಹೊದಿಕೆಯ ಅಂಚಿನಲ್ಲಿ ಬೆಳಕು ಕಾಣುತ್ತಿತ್ತು. ಎತ್ತಿ ನೋಡಿದರೆ, ಮಾನ್ಯರೇ, ನನ್ನ ಪೆಟ್ಟಿಗೆ ಹಾಗೇ ಕೂತಿತ್ತು. ನಿನ್ನ ಮಾತು ನನಗೆ ಬೇಕಾಗಿಲ್ಲ, ಚುಕ್ಕಿ. ಅದರ ಕೆಳಗೆ, ತಮ್ಮ ಸುಪರ್ದಿನಲ್ಲಿ, ಅವನ ಆರು ಸಾಲು ಕಾಯುತ್ತಿತ್ತು. ಒಂದು ಕೀಲಿ ಒತ್ತಿದರೆ ಸಾಕು. ಕರೆಂಟು ಹೋದರೆ ಎಲ್ಲ ಹೋಯಿತು.

ನಾನು ಕೀಬೋರ್ಡಿನ ಮೇಲೆ ಬೆರಳು ಇಡುವಷ್ಟರಲ್ಲಿ ಯಶಸ್ವಿನಿಯವರು ನಾನು ಕಾಗದದಲ್ಲಿ ಬರೆದಿಟ್ಟಿದ್ದ ಪ್ರೋಗ್ರಾಮನ್ನು ಓದುತ್ತಾ, "ಸಾರ್ ಸಾರ್ ತಡೀರಿ, ಇನ್ನೂರನಲವತ್ತು ಯಾಕ್ ಹಾಕಿದೀರಾ? ಬಣ್ಣ ಎಲ್ ಸಾರ್?" ಎಂದು ಕೂಗಿದರು. ಯಾವ ಬಣ್ಣ ಎಂದೆ. ಆಗ ತಿಳಿಯಿತು, ತಾವು ಒಂದೊಂದು ಅಕ್ಷರಕ್ಕೂ ಎರಡು ಗೂಡು ಬಳಸುತ್ತೀರಂತೆ. ಒಂದರಲ್ಲಿ ಅಕ್ಷರ, ಅದರ ಪಕ್ಕದಲ್ಲಿ ಅದರ ಬಣ್ಣ. ಇನ್ನೂರನಲವತ್ತು ಅಕ್ಷರಕ್ಕೆ ನಾನೂರೆಂಬತ್ತು ಗೂಡು ಬೇಕು. ತರಗತಿಯ ಹದಿನೆಂಟು ಮಂದಿಯಲ್ಲಿ ಈ ತಪ್ಪು ಮಾಡಿದವನು ನಾನೊಬ್ಬನೇ, ಏಕೆಂದರೆ ಬಣ್ಣ ಅಕ್ಷರಕ್ಕೆ ಸೇರಿದ್ದಲ್ಲ, ಮಸಿಯವನಿಗೆ ಸೇರಿದ್ದು ಎಂದು ಇಪ್ಪತ್ತೆರಡು ವರ್ಷ ನಂಬಿದ್ದವನು ಅಲ್ಲಿ ನಾನೊಬ್ಬನೇ. ನಾನು ಜಾಗ ಕಟ್ಟುವಾಗ ಚಿಕ್ಕರಂಗಯ್ಯನ ಪಾಲನ್ನು ಬಿಟ್ಟು ಕಟ್ಟಿದ್ದೆ.

ಇಲ್ಲಿ ತಮ್ಮ ಔದಾರ್ಯವನ್ನು ಹೊಗಳಲೇಬೇಕು. ಜಾಗ ಅರ್ಧವೇ ಇದ್ದರೂ ಅಣ್ಣನವರು ಬೇಡವೆನ್ನಲಿಲ್ಲ, ಸಾಲದೆನ್ನಲಿಲ್ಲ, ಒಂದು ಸಣ್ಣ ಕೆಮ್ಮನ್ನೂ ಕೆಮ್ಮಲಿಲ್ಲ. ಮದುವೆ ಮನೆಯಲ್ಲಿ ಎಲೆ ತುಂಬಿ ಸಾರು ಪಕ್ಕದವರ ಎಲೆಗೆ ಹರಿದರೂ ಕಣ್ಣು ಮುಚ್ಚಿಕೊಂಡು ಬಡಿಸುವ ಭಟ್ಟರ ಹಾಗೆ ನಾನೂರೆಂಬತ್ತನ್ನೂ ಸುರಿದರು. ಮೊದಲ ಮೂರು ಸಾಲು ನನ್ನ ಜಾಗದಲ್ಲಿ ಕೂತವು. ಉಳಿದ ಮೂರು ಪಕ್ಕದ ಮನೆಗೆ, ಅಂದರೆ ಪೆಟ್ಟಿಗೆಯ ವಾಕ್ಯದ ಜಾಗಕ್ಕೆ ಹೋದವು. ಆಮೇಲೆ ನಾನು ಆ ಜಾಗದಲ್ಲೇ ನನ್ನ ವಾಕ್ಯವನ್ನು ಬರೆದೆ. ಅಂದರೆ ಅವನ ನಾಲ್ಕನೇ ಸಾಲಿನ ಮೇಲೆ, ಮೊದಲಿನಿಂದ, ಕಾಲಿಟ್ಟುಕೊಂಡು ನಡೆದೆ. "ಎಷ್ಟು ದೂರ ನಡೆದಿರ್ತೀನಿ ಮೇಡಂ?" ಎಂದು ಕೇಳಿದೆ. ಯಶಸ್ವಿನಿಯವರು ಬೆರಳು ಮಡಿಸಿ ಎಣಿಸಿದರು. ನನ್ನ ವಾಕ್ಯ ಇಂಗ್ಲಿಷ್ ಅಕ್ಷರದಲ್ಲಿ ಚುಕ್ಕಿ ಸೇರಿ ಮೂವತ್ತೊಂದು, ವಾಕ್ಯ ಮುಗಿಯಿತೆಂದು ಯಂತ್ರವೇ ಇಡುವ ಕಾಣದ ಸೊನ್ನೆ ಒಂದು, ಒಟ್ಟು ಮೂವತ್ತೆರಡು ಗೂಡು. ಅಕ್ಷರಕ್ಕೆ ಎರಡರಂತೆ ಚಿಕ್ಕರಂಗಯ್ಯನ ಹದಿನಾರು ಅಕ್ಷರ. ನಾನು ಇನ್ನೂ ಚಿಕ್ಕದಾಗಿ ಬೈದಿದ್ದರೆ ಇನ್ನೂ ಹೆಚ್ಚು ಉಳಿಯುತ್ತಿತ್ತು. ಚುಕ್ಕಿಯನ್ನು ಬಿಟ್ಟಿದ್ದರೂ ಒಂದಿಷ್ಟು.

ಕೀಲಿ ಒತ್ತದೆ ಒಳಗೆ ಇಣುಕುವ ದಾರಿಗಳಿವೆಯೆಂದು ಈಗ ಕೇಳಿದ್ದೇನೆ. ಆಗ ಆ ಮಹಡಿಯ ಮೇಲೆ ಯಾರಿಗೂ ತಿಳಿದಿರಲಿಲ್ಲ. ಆ ಸಂಜೆಯೇ ಕೊತ್ತಗೆರೆಗೆ ಹೋಗಿ ಅವನ ಹೆಂಡತಿ ನರಸಮ್ಮನವರಿಗೆ ವಿಷಯ ತಿಳಿಸಿದೆ. ಅವರು, "ಅವ್ರ್ ಬರ್ದಿರೋದು ಅದ್ರೊಳ್ಗೆ ಇನ್ನೂ ಐತಾ?" ಎಂದರು. ಇದೆ ಎಂದೆ. "ಹನ್ನೊಂದು ಕಳೀಲಿ, ನಾನ್ ಬತ್ತೀನಿ. ನಾನ್ ಬರೋಗಂಟ ಯಾರೂ ಮುಟ್ಬೇಡಿ" ಎಂದರು.

ಹೀಗೆ ಆ ಮಂಗಳವಾರದಿಂದ ಮುಂದಿನ ವಾರದ ಗುರುವಾರದವರೆಗೆ ಹೊರಪೇಟೆಯ ಒಂದು ಮಹಡಿಯ ಮೇಲೆ ನಡೆದ ರಾಜ್ಯಭಾರವನ್ನು ತಾವು ತಿಳಿಯಬೇಕು. ಯಾವ ಕೀಲಿ ಮುಟ್ಟಿದರೂ ಕೆಲಸ ಕೆಡುತ್ತದೆಂದು ಕೀಬೋರ್ಡಿನ ಮೇಲೆ ಕೋಳಿಮರಿ ಕವುಚುವ ಬಿದಿರು ಬುಟ್ಟಿಯೊಂದನ್ನು ಕವುಚಿದೆವು. ಶುಕ್ರವಾರ ಬಂತು. ಏಕಾಂತಯ್ಯನವರು ಪ್ರತಿ ಶುಕ್ರವಾರ ಒಂದೊಂದು ಕೀಬೋರ್ಡಿಗೂ ಕುಂಕುಮವಿಟ್ಟು ಒಂದು ಸೇವಂತಿಗೆ ಹೂವು ಇಡುವವರು. ಬುಟ್ಟಿ ಎತ್ತಲು ಬಂದರು. ಹದಿನೆಂಟು ಜನ ಒಟ್ಟಿಗೆ ಕಿರುಚಿದೆವು. "ಏನ್ರೀ ಇದು, ಒಂದ್ ಹೂವಿನ ಭಾರಕ್ಕೆ ಕೀಲಿ ಒತ್ಕೊಳುತ್ತಾ?" ಎಂದರು. ಒತ್ತಿಕೊಳ್ಳುವುದಿಲ್ಲವೆಂದು ಬರೆದುಕೊಡಿ ಎಂದೆ. ಅವರು ನನ್ನ ಮುಖ ನೋಡಿ ಬುಟ್ಟಿಗೇ ಕುಂಕುಮವಿಟ್ಟು, ಬುಟ್ಟಿಗೇ ಹೂವಿಟ್ಟು, ಬುಟ್ಟಿಗೇ ಊದುಬತ್ತಿ ಬೆಳಗಿ ಹೋದರು. ಬುಟ್ಟಿಗೆ ಪೂಜೆಯಾದ ಏಕೈಕ ಕಂಪ್ಯೂಟರ್ ಕೇಂದ್ರ ನಮ್ಮದೇ ಇರಬೇಕು.

ಕರೆಂಟಿನ ವಿಷಯ ಬೇರೆ. ಯುಪಿಎಸ್ ಎಂಬ ಪೆಟ್ಟಿಗೆಯ ಉಸಿರು ಇಪ್ಪತ್ತು ನಿಮಿಷ, ಬುಧವಾರದಿಂದ ಕರೆಂಟು ಹೋಗತೊಡಗಿದ್ದು ದಿನಕ್ಕೆ ಒಂದು ಗಂಟೆ, ಪುಣ್ಯಕ್ಕೆ ಹಗಲಿನಲ್ಲೇ. ಹೋದ ಕೂಡಲೆ ಎಲ್ಲರೂ ತಮ್ಮ ತಮ್ಮ ಯಂತ್ರಗಳನ್ನು ಆರಿಸಿ ಅಷ್ಟೂ ಉಸಿರನ್ನು ನಾಲ್ಕನೆಯದಕ್ಕೆ ಬಿಡುವರು, ಯಶಸ್ವಿನಿಯವರು ಸೀರೆ ಎತ್ತಿಕೊಂಡು ಮೆಟ್ಟಿಲಿಳಿದು ಓಡುವರು. ಕೆಳಗಿನ ಟೈರ್ ಅಂಗಡಿಯ ರಾಮಾಂಜಿನಯ್ಯನವರ ಹತ್ತಿರ ಗಾಳಿ ತುಂಬುವ ಯಂತ್ರಕ್ಕೆಂದು ಜನರೇಟರ್ ಇತ್ತು. ಅದರಿಂದ ಕಿಟಕಿಗೊಂದು ತಂತಿ ಎಳೆದೆವು. ಅವರು ಮೊದಮೊದಲು ಗೊಣಗಿದರು. ನಾಲ್ಕನೇ ದಿನದಿಂದ, ಕರೆಂಟು ಹೋಗುವ ಹೊತ್ತಿಗೆ ತಾವೇ ಜನರೇಟರಿನ ಹಗ್ಗ ಹಿಡಿದು ಕಾಯುತ್ತಾ, ಮೇಲಕ್ಕೆ ಕತ್ತೆತ್ತಿ, "ಏನ್ಲಾ, ನಿಮ್ ರಂಗಯ್ಯ ಸತ್ ಮ್ಯಾಲೂ ಕರೆಂಟ್ ಕುಡೀತಾವ್ನಲ್ಲಾ! ಬದ್ಕಿದ್ದಾಗ ಒಂದ್ ಟೀನೂ ಕೇಳ್ದೋನಲ್ಲ!" ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ. ದಿನಚರಿಯಲ್ಲಿ, ಇವತ್ತು ನಕ್ಕೆ, ಎಂದು ಬರೆದು ಅಡಿಗೆರೆ ಎಳೆದಿದ್ದೇನೆ.

ಗುರುವಾರ ನರಸಮ್ಮನವರು ಬರಬೇಕಾಗಿದ್ದ ಕುಣಿಗಲ್ ಬಸ್ಸು ಹೆಬ್ಬೂರಿನಲ್ಲಿ ಕೆಟ್ಟು ನಿಂತಿತು. ಅದೇ ಹೊತ್ತಿಗೆ ಇಲ್ಲಿ ಕರೆಂಟು ಹೋಯಿತು, ಜನರೇಟರಿಗೆ ಎಣ್ಣೆ ಮುಗಿದಿತ್ತು. ಯುಪಿಎಸ್ ಹದಿನೈದನೇ ನಿಮಿಷದಿಂದ ಕೀ ಕೀ ಎನ್ನತೊಡಗಿತು. ರಾಮಾಂಜಿನಯ್ಯನವರು ಯಾವುದೋ ಲಾರಿಯ ಟ್ಯಾಂಕಿಗೆ ಪೈಪು ಹಾಕಿ, ಬಾಯಲ್ಲಿ ಎಳೆದು, ಅರ್ಧ ಕುಡಿದು ಅರ್ಧ ತುಂಬಿಸಿ, ಹತ್ತೊಂಬತ್ತನೇ ನಿಮಿಷದಲ್ಲಿ ಜನರೇಟರ್ ಹಚ್ಚಿದರು. ಇದರ ಹಿಂದೆಯೇ ನರಸಮ್ಮನವರು ಹಾಲಿನ ವ್ಯಾನೊಂದರಲ್ಲಿ ಬಂದು ಇಳಿದರು. ಅಂಗಡಿಯ ಮುಂದೆ ಉಗುಳುತ್ತಾ ಕೂತಿದ್ದವರನ್ನು ನೋಡಿ, "ಯಾಕಣ್ಣ, ಮೈಗೆ ಹುಷಾರಿಲ್ವಾ?" ಎಂದು ವಿಚಾರಿಸಿ ಮೇಲೆ ಬಂದರು.

ಅವರಿಗೆ ಇಂಗ್ಲಿಷ್ ಅಕ್ಷರ ಬಾರದು, ನಾನು ಓದಿ ಹೇಳಬೇಕೆಂದು ಒಪ್ಪಂದವಾಯಿತು. ಬುಟ್ಟಿ ಎತ್ತಿದೆವು. ಯಾವುದನ್ನು ಒತ್ತಬೇಕೆಂದು ಕೇಳಿದರು. ಯಾವುದಾದರೂ ಸರಿ ಎಂದೆವು. "ಅವ್ರು ಯಾವ್ದ್ ಒತ್ತಿದ್ರು?" ಎಂದರು. ಎಲ್ಲವನ್ನೂ ಎಂದೆ. ಅವರು ಇದ್ದುದರಲ್ಲಿ ಉದ್ದನೆಯ ಕೀಲಿಯನ್ನು ಆರಿಸಿ, ಹಿಟ್ಟು ಬೆಂದಿದೆಯೇ ಎಂದು ನೋಡುವ ಹಾಗೆ, ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದರು.

ತಮ್ಮನವರಾದ ಪುಟ್‌ಟೆಕ್ಸ್ಟ್ ಅವರೇ, ತಾವು ಬಂದಿರಿ. ನನ್ನ ಪೆಟ್ಟಿಗೆ ಹೋಯಿತು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ನನ್ನ ಗೆಳೆಯ ಬಂದ. ನಾನು ಗಟ್ಟಿಯಾಗಿ ಓದಿದೆ.

"ಲೇ ಮೂರ್ತಿ. ಆರ್ ದಿನ ಆಯ್ತು."

"ನಿನ್ ಮುಖ ನೋಡಕಾಗ್ತಿಲ್ಲ ಕಣ್ಲಾ."

"ಒಂದ್ ಮಾತ್ ಹೇಳ್ಬೇಕು ಕಣೋ. ಅದೇನಂದ್ರೆ"

ನಾಲ್ಕನೇ ಸಾಲು. ಅಲ್ಲಿ ಜಾತ್ರೆಯ ಬಳೆಯಂಗಡಿ ತೆರೆದಂತೆ ಬಣ್ಣಗಳು. ನನ್ನ ವಾಕ್ಯದ ಅಕ್ಷರಗಳಲ್ಲಿ ಒಂದು ಬಿಟ್ಟು ಒಂದು ಅಕ್ಷರದ ಗೂಡಿಗೆ ಹೋಗಿ ಅಕ್ಷರವಾಗಿಯೇ ಕೂತಿದ್ದವು, ನಡುವಿನವು ಬಣ್ಣದ ಗೂಡಿಗೆ ಹೋಗಿ ಬಣ್ಣವಾಗಿದ್ದವು. ಕಂದು ನೆಲದ ಮೇಲೆ ಹಳದಿ ಅಕ್ಷರ, ಬೂದಿ ನೆಲದ ಮೇಲೆ ಕೆಂಪು, ಪದ ಬಿಡಿಸುವ ಖಾಲಿ ಜಾಗ ಹೋಗಿ ಕೂತಲ್ಲಿ ಹಸಿರು. ಇಪ್ಪತ್ತೆರಡು ವರ್ಷ ಕಪ್ಪು ಅಕ್ಷರವನ್ನೇ ಜೋಡಿಸಿದವನ ಸಿಟ್ಟು ಇಷ್ಟು ವರ್ಣಮಯವಾಗಿರಬಹುದೆಂದು ನಾನು ತಿಳಿದಿರಲಿಲ್ಲ. ನಾನು ಬಣ್ಣಗಳನ್ನೇ ನೋಡುತ್ತಾ ನಿಂತದ್ದರಿಂದ ಯಶಸ್ವಿನಿಯವರು ಆ ಚೂರುಗಳನ್ನು ಕೂಡಿಸಿ, "ನ್ನ... ನ್ನಮ... ಮುಂದಿಂದು ಏನೂ ಅರ್ಥ ಆಗ್ತಿಲ್ಲ" ಎಂದು ಓದಿದರು. ನಮಃ ಎಂದು ಕೇಳಿಸಿ ನರಸಮ್ಮನವರು ತಟ್ಟನೆ ಕೈಮುಗಿದರು. ಕೈಮುಗಿಸಿಕೊಂಡದ್ದು ನನ್ನ ಬೈಗುಳವೆಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. ಹದಿನಾರನೆಯ ಜಾಗದಲ್ಲಿ ಏನೂ ಕಾಣಲಿಲ್ಲ. ಅದು ನನ್ನ ಚುಕ್ಕಿಯಂತೆ, ಕಪ್ಪಿನ ಮೇಲೆ ಕಪ್ಪಾಗಿ ಕೂತಿತ್ತಂತೆ.

ಆಮೇಲಿನದೆಲ್ಲ ನೆಟ್ಟಗಿತ್ತು.

"ಅಷ್ಟೇ. ಬಾಯಲ್ ಹೇಳಕಾಗಲ್ಲ"

"ಅದ್ಕೇ ಇಲ್ಲಿ ಕುಟ್ಟಿದೀನಿ. ಓದ್ಬುಟ್ ಅಳಿಸ್ಬುಡು."

"ನರಸಮ್ಮಂಗೆ ಹೇಳ್ಬೇಡ."

ಕೊನೆಯ ಸಾಲನ್ನು ಪೂರ್ತಿ ಗಟ್ಟಿಯಾಗಿ ಓದಿದ ಮೇಲೆಯೇ ನಾನು ಏನು ಓದಿದ್ದೆಂದು ನನಗೆ ತಿಳಿದದ್ದು. ನರಸಮ್ಮನವರು ತೆರೆಯನ್ನು ನೋಡಿದರು, ನನ್ನನ್ನು ನೋಡಿದರು, ಸೆರಗನ್ನು ಬಾಯಿಗಿಟ್ಟುಕೊಂಡರು. ಅಳುತ್ತಾರೆಂದು ಕುರ್ಚಿ ತಂದೆವು. ಅವರು ನಗುತ್ತಿದ್ದರು. "ಹೇಳ್ಬೇಡ ಅಂತೆ! ನನ್ ಕೈಲೇ ತೆಗ್ಸಿ, ನನ್ಗೇ ಓದಿ ಹೇಳ್ತಾವ್ರೆ, ಹೇಳ್ಬೇಡ ಅಂತೆ!" ಎಂದು ಕುರ್ಚಿಯ ಕೈ ಹೊಡೆದು ಹೊಡೆದು ನಕ್ಕರು. ಎಣ್ಣೆಯ ಬಾಯಿ ತೊಳೆದುಕೊಂಡು ಮೇಲೆ ಬಂದ ರಾಮಾಂಜಿನಯ್ಯನವರು ಏನೆಂದು ತಿಳಿಯದೆಯೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಮೊಳೆ ಜೋಡಿಸುವವನು, ಜಾಗಕ್ಕೆ ಅಕ್ಷರ ಹೊಂದಿಸುವುದೇ ನನ್ನ ಕಸುಬು. ಅಲ್ಲೇ ಕಾಗದ ತೆಗೆದು ಹದಿನಾರು ಮನೆ ಗೀಚಿ ಅವನ ಮಾತನ್ನು ಹುಡುಕತೊಡಗಿದೆ. ನಿನ್ನ ಮೇಲೆ ಕೋಪ ಇಲ್ಲ ಎಂದಿರಬಹುದೇ? ಅವನು ಬರೆಯುವ ರೀತಿಯಲ್ಲಿ ಬರೆದರೆ ಹದಿನೆಂಟಾಯಿತು, ಎರಡು ಹೆಚ್ಚು. ತಪ್ಪು ನಂದು ಕಣೋ? ಸರಿಯಾಗಿ ಹದಿನಾರು! ನಾನು ಬೆಂಚಿನಿಂದ ಎದ್ದು ನಿಂತೆ. ಯಶಸ್ವಿನಿಯವರೂ ಎಣಿಸಿ ಹೌದೆಂದರು. ಏಕಾಂತಯ್ಯನವರು ಕನ್ನಡಕ ಏರಿಸಿ, "ತಪ್ಪು ನಿಂದು ಕಣೋ ಅಂದ್ರೂ ಹದಿನಾರೇ ಆಗುತ್ತಲ್ರೀ" ಎಂದರು. ಮತ್ತೆ ಕೂತೆ. ಅವರಿಗೆ ಬುಟ್ಟಿಯ ಪೂಜೆಯ ಸಿಟ್ಟು ಇನ್ನೂ ಇತ್ತೆಂದು ಕಾಣುತ್ತದೆ.

ಬಸ್ ನಿಲ್ದಾಣದವರೆಗೆ ನರಸಮ್ಮನವರನ್ನು ಬಿಡಲು ಹೋದೆ. ದಾರಿಯಲ್ಲಿ ಅವರಿಗೆ ಎಲ್ಲವನ್ನೂ ಹೇಳಿದೆ, ಬಸ್ಸಿನಲ್ಲಿ ನಾನು ಆಡಿದ ಮಾತು, ಪೆಟ್ಟಿಗೆಯ ವಾಕ್ಯ, ಚುಕ್ಕಿ. ಅವರು ಕುಣಿಗಲ್ ಬಸ್ಸಿಗೆ ಹತ್ತಿ ಕಿಟಕಿಯ ಬಳಿ ಕೂತ ಮೇಲೆ, "ಶನಿವಾರ ಬಂದೋರು ಒಂದ್ ಮಾತ್ ಅಂದ್ರು. ಸೋಮವಾರಕ್ಕೆ ಡಬ್ಬಿಗೆ ಎರಡು ಮುದ್ದೆ ಹಾಕು ಅಂತ" ಎಂದರು. ಆರು ದಿನ ಒಂದು, ಸೋಮವಾರಕ್ಕೆ ಎರಡು. ಅದೂ ನನ್ನ ಪೆಟ್ಟಿಗೆಯನ್ನು ನೋಡಿಕೊಂಡು ಹೋದ ಮೇಲೆ. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ನನ್ನ ಮುಖದಲ್ಲಿ ಏನು ಕಂಡಿತೋ, ಬಸ್ಸು ಹೊರಟಾಗ ಅವರು ತಲೆ ಹೊರಗೆ ಹಾಕಿ, "ಒಂದು ನಿಮ್ಗೇ ಅಂತ ಅಂದ್ಕಬೇಡಿ ಮತ್ತೆ! ವಾರ್ವೆಲ್ಲಾ ಒಂದೇ ತಿಂದು ಅವ್ರ್ಗೂ ಹಸಿವಿರ್ಬೈದು!" ಎಂದು ಕೂಗಿದರು. ಅವರು ಆಗಲೂ ನಗುತ್ತಿದ್ದರು.

ಆದ್ದರಿಂದ, ಮಾನ್ಯರೇ, ನನ್ನ ವಿನಂತಿಗಳನ್ನು ದಯವಿಟ್ಟು ಪರಿಶೀಲಿಸಬೇಕು. ಅಣ್ಣನವರು ಇನ್ನು ಮುಂದೆ ಸುರಿಯುವ ಮೊದಲು, ಸ್ವಾಮಿ ಪಾತ್ರೆ ಹಿಡಿಸುತ್ತದೆಯೇ, ಎಂದು ಒಂದು ಸಲ ಕೇಳಬೇಕು. ಕೇಳುವುದು ಪದ್ಧತಿಯಲ್ಲದಿದ್ದರೆ ಕೆಮ್ಮಿದರೂ ಸಾಕು, ಆ ದಿನ ಕೆಮ್ಮಿಗೆ ತಿರುಗಿ ನೋಡದ ನಾನು ಈಗ ಯಾರು ಕೆಮ್ಮಿದರೂ ತಿರುಗುತ್ತೇನೆ. ತಮ್ಮನವರು, ತಮಗೆ ಬಿಡುವಾದಾಗ, ತೆರೆಯ ಆಚೆಗೂ ಸ್ವಲ್ಪ ಕೆಲಸ ವಿಸ್ತರಿಸಬೇಕು. ಗುಬ್ಬಿ ಬಸ್ ನಿಲ್ದಾಣದಲ್ಲಿ ಎಡಕ್ಕೆ ಕಬ್ಬಿನ ಹಾಲಿನ ಗಾಣ, ಬಲಕ್ಕೆ ಕಾಲು ಮುರಿದ ಕಲ್ಲುಬೆಂಚು, ಮೇಲೆ ತಗಡು, ಕೆಳಗೆ ಎರಡು ಜೊತೆ ಚಪ್ಪಲಿ, ಈ ಚೌಕವನ್ನು ಅದೇ ಶನಿವಾರದ ಬೆಳಗ್ಗೆ ಏಳೂಕಾಲಕ್ಕೆ ಇದ್ದಂತೆ ಹಾಕಿಕೊಡಬೇಕು. ಬಣ್ಣಸಮೇತ, ಉಗುರಿನ ಮಸಿಯನ್ನು ಬಿಡದೆ. ಐದು ನಿಮಿಷ ಸಾಕು, ಆಮೇಲೆ ಬೇಕಾದರೆ ಮುಚ್ಚಿಬಿಡಿ. ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಾದರೆ, ಯಾರ ವ್ಯಾಪ್ತಿಗೆ ಬರುತ್ತದೆಂದು ತಿಳಿಸುವ ಕೃಪೆ ಮಾಡಬೇಕು.

ತಮ್ಮನ್ನು ಈಗ ಹೊಸ ಯಂತ್ರಗಳಲ್ಲಿ ಯಾರೂ ಕರೆಯುವುದಿಲ್ಲವೆಂದು ಕೇಳಿ ಬೇಸರವಾಯಿತು. ಕೆಲಸ ಹೋಗುವುದು ಹೇಗಿರುತ್ತದೆಂದು ಟ್ರೆಡಲನ್ನು ತಕ್ಕಡಿಯ ಮೇಲೆ ನೋಡಿದ ನನಗೆ ಗೊತ್ತು. ನಾನು ಈಗ ಗುಬ್ಬಿಯಲ್ಲಿ ಅದೇ ಜಾಗದಲ್ಲಿ ಡಿಟಿಪಿ ಮಾಡುತ್ತೇನೆ, ಮೂರಕ್ಷರವನ್ನೂ ಕಲಿತೆ. ಆದರೂ ಬಿಡುವಾದಾಗ ಹಳೆಯ ಯಂತ್ರದಲ್ಲಿ ಆ ಪ್ರೋಗ್ರಾಮನ್ನು ಬರೆಯುತ್ತೇನೆ. ಈಗ ಜಾಗ ನಾನೂರೆಂಬತ್ತು ಕಟ್ಟುತ್ತೇನೆ, ಅಕ್ಷರಕ್ಕೆ ಅರ್ಧ, ಮಸಿಯವನಿಗೆ ಅರ್ಧ. ಎರಡು ಮುದ್ದೆಯಲ್ಲಿ ಒಂದು ನನ್ನದೆಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ನರಸಮ್ಮನವರು ಒಪ್ಪಿಲ್ಲ. ಬರೆದುಕೊಳ್ಳಬೇಡಿ ಎಂದೂ ಹೇಳಿಲ್ಲ.

ಪಕ್ಕದವನಿಗೆ ಜಾಗ ಬಿಟ್ಟು ಕೂರುವುದನ್ನು ತಡವಾಗಿ ಕಲಿತ,
ತಮ್ಮ ವಿಶ್ವಾಸಿ,
ಶಿವಮೂರ್ತಿ

ಮರೆತ ಮಾತು: ಹದಿಮೂರು ದಿನ ಒಂದೇ ಸಮನೆ ಉರಿದದ್ದರಿಂದ ನಾಲ್ಕನೇ ಯಂತ್ರದ ಗಾಜಿನಲ್ಲಿ ನನ್ನ ಪೆಟ್ಟಿಗೆಯ ಗುರುತು ಕೂತುಬಿಟ್ಟಿದೆಯಂತೆ. ಆರಿಸಿದ ಮೇಲೂ ಓರೆಯಾಗಿ ನೋಡಿದರೆ, ನಿನ್ನ ಮಾತು ನನಗೆ ಬೇಕಾಗಿಲ್ಲ, ಎಂದು ಈಗಲೂ ಓದಬಹುದೆಂದು ಏಕಾಂತಯ್ಯನವರು ಹೇಳಿ ಕಳಿಸಿದ್ದಾರೆ. ಅವನ ಹದಿನಾರನ್ನು ಕಳೆದು ನನ್ನ ಮೂವತ್ತೊಂದನ್ನು ಇಷ್ಟು ಜೋಪಾನ ಮಾಡಿದ ತಮ್ಮ ಆಯ್ಕೆಗೆ ನಾನು ಏನು ಹೇಳಲಿ? ಉತ್ತರ ಕಳಿಸುವುದಾದರೆ ಅಂಚೆಯಲ್ಲಿ ಕಳಿಸಿ, ಅಕ್ಷರ ಹದಿನಾರು ಮೀರದಿರಲಿ. ನರಸಮ್ಮನವರಿಗೆ ಹೇಳಬೇಡಿ ಎಂದು ಮಾತ್ರ ಅದರಲ್ಲಿ ಬರೆಯಬೇಡಿ. ಹೋದ ವರ್ಷದಿಂದ ಅವರು ಯಶಸ್ವಿನಿಯವರ ಹತ್ತಿರ ಇಂಗ್ಲಿಷ್ ಅಕ್ಷರ ಕಲಿಯುತ್ತಿದ್ದಾರೆ, ಈ ಪತ್ರವನ್ನು ಪೂರ್ತಿ ಓದಿ ಅಂಚೆಗೆ ಹಾಕುತ್ತಿರುವವರೂ ಅವರೇ.